ಕೆಂಚಿಯ ಗಟ್ಟಿ ಮೊಟ್ಟೆ

ಆ ಮೊಟ್ಟೆ ಒಡೆಯಲಿಲ್ಲ, ಕುಸಿಯಿತು. ಭಾನುವಾರ ಬೆಳಗ್ಗೆ ಚನ್ನಾಜಮ್ಮ ಹಿತ್ತಲಿನ ಕೋಳಿಪುಟ್ಟಿಗೆ ಕೈಹಾಕಿ ಎತ್ತಿಕೊಂಡಾಗ ಅದು ನೀರು ತುಂಬಿದ ಬಲೂನಿನಂತೆ ಅಲುಗಾಡಿತು. ಆಮೇಲೆ ಬೆರಳ ಸಂದಿಯಿಂದ ಇಳಿದು, ಸೀರೆಯ ನೆರಿಗೆಯ ಮೇಲೆ ಹಳದಿ ಗೆರೆಯೊಂದನ್ನು ಎಳೆದು ನೆಲ ಸೇರಿತು. ಕೈಯಲ್ಲಿ ಉಳಿದದ್ದು ಒದ್ದೆ ಕಾಗದದಂಥ ತೊಗಲು.

“ಏನ್ರೀ, ಬನ್ನಿ ಇಲ್ಲಿ. ನಿಮ್ಮ ಮುದ್ದಿನ ಮಗಳು ಮಾಡಿರೋ ಘನಂದಾರಿ ಕೆಲ್ಸ ನೋಡಿ.”

ಗುಂಡಯ್ಯ ಓಡಿಬಂದ. ಹೊಳೆನರಸೀಪುರದ ಹೊಳೆ ಕಡೆಯ ಬೀದಿಯಲ್ಲಿ ಅವನ ಮನೆ. ಮೂವತ್ತನಾಲ್ಕು ವರ್ಷ ಶಾಲೆಯೊಂದರಲ್ಲಿ ಗಂಟೆ ಹೊಡೆದು ನಿವೃತ್ತನಾದವನು. ಗಂಟೆಯ ಸದ್ದು ನಿಂತ ಮೇಲೆ ಅವನ ದಿನಗಳು ಬರಿದಾಗಿದ್ದವು. ಮನುಷ್ಯನ ಮನಸ್ಸು ಖಾಲಿ ಇರಲಾರದು. ದೇವರು ಬಂದು ಕೂರಲಿ ಎಂದು ಹಿರಿಯರು ಬಯಸುತ್ತಾರೆ. ಗುಂಡಯ್ಯನ ಮನಸ್ಸಿಗೆ ಕೋಳಿ ಬಂದು ಕೂತಿತು.

ಕೋಳಿಯ ಹೆಸರು ಕೆಂಚಿ. ಪಕ್ಕದ ಮನೆಯ ಸುಬ್ಬಮ್ಮನ ಹೇಟೆ ಒಂದೇ ಕಾವಿಗೆ ಎಬ್ಬಿಸಿದ ಮರಿಗಳಲ್ಲಿ ಒಂದು ಇವನ ಮನೆಗೆ ಬಂದಿತ್ತು, ಇನ್ನೊಂದು ಸುಬ್ಬಮ್ಮನಲ್ಲೇ ಉಳಿದಿತ್ತು. ಎರಡಕ್ಕೂ ಅದೇ ಇಟ್ಟಿಗೆ ಬಣ್ಣ, ಅದೇ ಬಾಲ. ಕೆಂಚಿ ಯೋಚನೆ ಮಾಡುತ್ತಾ ನಡೆಯುತ್ತದೆ, ಸುಬ್ಬಮ್ಮನದು ಬಸ್ಸು ತಪ್ಪಿದವರಂತೆ ಓಡುತ್ತದೆ ಎಂದು ಗುಂಡಯ್ಯ ವ್ಯತ್ಯಾಸ ಹೇಳುತ್ತಿದ್ದ. ಆ ವ್ಯತ್ಯಾಸ ಬೇರೆ ಯಾರ ಕಣ್ಣಿಗೂ ಕಂಡಿರಲಿಲ್ಲ. ದಿನಾ ಬೆಳಗ್ಗೆ ಅವನು ಪುಟ್ಟಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಇನ್ನೂ ಇಕ್ಕಿಲ್ಲವೇನೋ ತಾಯಿ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ.

“ಇದು ಮೂರನೇದು,” ಎಂದಳು ಚನ್ನಾಜಮ್ಮ. “ಗುರುವಾರ ತೊಗಲು, ಶುಕ್ರವಾರ ತೊಗಲು, ಇವತ್ತೂ ತೊಗಲು. ತೊಗಲು ಮೊಟ್ಟೆ ಇಕ್ಕೋ ಕೋಳಿ ಮನೆಗೆ ಆಗಿಬರಲ್ಲ ಅಂತ ನಮ್ಮಜ್ಜಿ ಏಳೋರು. ಸಂಜೆ ಬಸ್ಸಿಗೆ ಮಲ್ಲಿಪಟ್ಟಣದಿಂದ ನನ್ ತಮ್ಮ ಬತ್ತಾವ್ನೆ. ಇವತ್ತು ಇದೇ ಸಾರಿಗೆ.”

“ಲೇ, ಒಸಿ ಟೈಮ್ ಕೊಡೇ. ಗಟ್ಟಿ ಮೊಟ್ಟೆ ಇಕ್ತದೆ.”

“ಸಂಜೆಗಂಟ ಟೈಮು. ಅಷ್ಟ್ರೊಳಗೆ ನನ್ ಕೈಗೆ ಒಂದು ಗಟ್ಟಿ ಮೊಟ್ಟೆ ಬರ್ಬೇಕು. ಕೋಳಿ ಇಕ್ಕುದ್ರೂ ಸರಿ, ನೀವೇ ಇಕ್ಕುದ್ರೂ ಸರಿ.”

ಹೀಗೆಂದು ಅವಳು ಸೀರೆ ತೊಳೆಯಲು ಹೋದಳು. ಹೋಗುವಾಗ ಈಳಿಗೆಮಣೆಯನ್ನು ಗೂಡಿನಿಂದ ಇಳಿಸಿ ಒರಳುಕಲ್ಲಿನ ಪಕ್ಕ ಇಟ್ಟಳು. ಗುಂಡಯ್ಯ ಕೆಂಚಿಯನ್ನು ನೋಡಿದ. ಕೆಂಚಿ ಒಂದು ಕಾಲು ಎತ್ತಿಕೊಂಡು ಯೋಚಿಸುತ್ತಿತ್ತು.

ಕಾಂಪೌಂಡ್ ಗೋಡೆಯ ಮೇಲೆ ಸುಬ್ಬಮ್ಮನ ಮುಖ ಮೂಡಿತು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಮೂಡುವ ಮುಖ ಅದು.

“ಏನಣ್ಣ, ತೊಗಲು ಮೊಟ್ಟೆಯಂತೆ?” ಎಂದಳು ಎಲೆಗೆ ಸುಣ್ಣ ಸವರುತ್ತಾ. “ನಂದೂ ಇದ್ರ ಒಡಹುಟ್ಟಿದ್ದೇ ಅಲ್ವಾ? ದಿನಾ ಬೆಳಗ್ಗೆ ನಮ್ಮ ಹುಲ್ಲುಮೆದೆ ಸಂದೀಲಿ ಒಂದು ಮೊಟ್ಟೆ. ಗೋಲಿ ಇದ್ದಂಗಿರ್ತದೆ ಕಣಣ್ಣ. ಬೀದಿಗೆಸುದ್ರೆ ಪುಟೀತದೆ. ಸಾಕೋದ್ರಲ್ಲಿರ್ತದೆ ಎಲ್ಲಾ.”

“ಏನ್ ಆಕ್ತೀಯವ್ವ ನೀನು?”

“ನಾನೇನಾಕ್ಲಿ? ಅದ್ರ ಪಾಡಿಗೆ ಅದು ಮೇಯ್ತದೆ. ನಿಮ್ದಕ್ಕೆ ಸುಣ್ಣ ಸಾಲ್ದು. ತಕಳಿ, ಈ ಎಲೆ ಸುಣ್ಣನೇ ಒಸಿ ನೆಕ್ಕುಸ್ಬುಡಿ. ಕಲ್ಲೂ ಬೇಕಂತಪ್ಪ ಕೋಳಿಗೆ. ರಂಗೋಲಿ ಪುಡೀನೂ ಕಲ್ಲೇ ಅಲ್ವಾ?”

ಕಷ್ಟದಲ್ಲಿರುವವನಿಗೆ ಸಲಹೆಯನ್ನು ಅಳೆದು ನೋಡುವ ವ್ಯವಧಾನ ಇರುವುದಿಲ್ಲ. ಗುಂಡಯ್ಯ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಕೆಂಚಿಯ ಕೊಕ್ಕಿಗೆ ಸವರಿದ. ಕೆಂಚಿ ಸೀನಿತು, ತಲೆ ಕೊಡವಿತು, ನಾಟಕದ ಬಣ್ಣದ ಕೋಣೆಯಿಂದ ಅರ್ಧಕ್ಕೇ ಎದ್ದುಬಂದವರಂತೆ ಬಿಳಿ ಮೂತಿ ಹೊತ್ತು ದೂರ ಹೋಗಿ ನಿಂತಿತು. ಅವನು ದೇವರ ಗೂಡಿನ ಪಕ್ಕದ ಡಬ್ಬಿಯಿಂದ ರಂಗೋಲಿ ಪುಡಿ ಬಾಚಿಕೊಂಡ. ಹೊರಗೆ ಬಂದು ನೋಡಿದರೆ ಕೆಂಪು ಬಣ್ಣದ ಪುಡಿ. ಕಲ್ಲಿಗೆ ಬಣ್ಣವೇನು ಎಂದುಕೊಂಡು ಅರ್ಧವನ್ನು ನಿನ್ನೆಯ ಉಪ್ಪಿಟ್ಟಿಗೆ ಬೆರೆಸಿ ಹಿತ್ತಲಲ್ಲಿ ಎರಚಿದ, ಉಳಿದರ್ಧವನ್ನು ಪೊಟ್ಟಣ ಕಟ್ಟಿ ಜೇಬಿಗಿಟ್ಟ.

ಕೆಂಚಿ ಮೂಸಿಯೂ ನೋಡಲಿಲ್ಲ. ಬೀದಿಯ ಕೋಳಿಗಳೆಲ್ಲ ಗೋಡೆ ಹಾರಿ ಬಂದವು. ಎಲ್ಲಕ್ಕಿಂತ ಮುಂದೆ ಸುಬ್ಬಮ್ಮನ ಕೋಳಿ, ಮದುವೆ ಮನೆಯ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ. ಅದಕ್ಕೆ ಈ ಹಿತ್ತಲು ಹೊಸದಲ್ಲ. ಗುಂಡಯ್ಯ ಮಗಳಿಗೆಂದು ಎರಚುತ್ತಿದ್ದ ತಿಂಡಿಯಲ್ಲಿ ಮುಕ್ಕಾಲು ಪಾಲು ಬಹಳ ದಿನದಿಂದ ಅದರ ಹೊಟ್ಟೆಗೇ ಹೋಗುತ್ತಿತ್ತು.

ಒರಳುಕಲ್ಲಿನ ಪಕ್ಕದ ಈಳಿಗೆಮಣೆ ಬಿಸಿಲಿಗೆ ಮಿನುಗಿತು. ಕೆಂಚಿಯನ್ನು ಮನೆಯಲ್ಲಿ ಬಿಡುವುದು ಕ್ಷೇಮವಲ್ಲವೆಂದು ಗುಂಡಯ್ಯನಿಗೆ ಅನ್ನಿಸಿತು. ಅದನ್ನು ವಯರ್ ಬ್ಯಾಗಿನಲ್ಲಿ ಕೂರಿಸಿ, ಮೇಲೆ ಟವಲ್ಲು ಹೊದಿಸಿ, ಹೆಂಡತಿಗೆ ಹೇಳದೆ ಹಿಂಬಾಗಿಲಿನಿಂದ ಹೊರಟ.

ಬೀದಿಯ ಕೊನೆಯ ಮನೆಯ ತೇಜಶ್ರೀ ದನಕರುಗಳ ವೈದ್ಯದಲ್ಲಿ ಡಿಪ್ಲೊಮಾ ಓದಿದ ಹುಡುಗಿ. ಜಗಲಿಯ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಬಿಳಿ ಮೂತಿಯ ಕೋಳಿಯನ್ನು ನೋಡಿ ಮೊದಲು ನಕ್ಕಳು, ಆಮೇಲೆ ಒದ್ದೆ ಬಟ್ಟೆಯಿಂದ ಸುಣ್ಣ ಒರೆಸಿದಳು.

“ತಾತ, ಎಲೆ ಸುಣ್ಣ ಹಾಕ್ಬಾರ್ದು, ಬಾಯಿ ಸುಡ್ತದೆ. ದಿನಾ ಏನ್ ಕೊಡ್ತೀರ ಇದಕ್ಕೆ?”

“ಏನಿಲ್ಲಮ್ಮ, ಮನೇಲಿರೋದೇಯ. ಬೆಳಗ್ಗೆ ಟೀಗೆ ಅದ್ದಿದ ಬಿಸ್ಕತ್ತು. ಆಮೇಲೆ ಉಪ್ಪಿಟ್ಟೋ ಚಿತ್ರಾನ್ನವೋ. ಮಧ್ಯಾಹ್ನ ಒಂದು ಗೋಲಿಯಷ್ಟು ಮುದ್ದೆ. ಸಂಜೆ ಖಾರಾಬೂಂದಿ. ಏಕಾದಶಿ ದಿವ್ಸ ಮಾತ್ರ ಬಾಳೆಹಣ್ಣು.”

“ಏಕಾದಶೀನೂ ಮಾಡ್ಸಿದ್ದೀರಾ!” ತೇಜಶ್ರೀ ಹಣೆ ಒತ್ತಿಕೊಂಡಳು. “ಈ ತಿಂಡಿ ಜಾಸ್ತಿ ಆದ್ರೇನೇ ಮೊಟ್ಟೆ ತೊಗಲಾಗೋದು ತಾತ. ಹೊಟ್ಟೆ ಇದ್ರಲ್ಲೇ ತುಂಬುದ್ರೆ ಬೇಕಾದ್ದು ಸೇರಲ್ಲ. ನೋಡಿ, ಕೋಳಿಗೆ ಹಲ್ಲಿಲ್ಲ. ಸಣ್ಣ ಹರಳುಕಲ್ಲು ನುಂಗಿ, ಅದ್ರಲ್ಲೇ ಹೊಟ್ಟೆಯೊಳಗೆ ಕಾಳು ಅರ್ಕೊಳ್ತದೆ. ಅದಕ್ಕೆ ಕಲ್ಲು. ಮೊಟ್ಟೆಗೆ ಓಡು ಕಟ್ಟೋಕೆ ಕ್ಯಾಲ್ಸಿಯಂ ಬೇರೆ ಬೇಕು. ಮೊಟ್ಟೆ ಸಿಪ್ಪೇನೇ ತೊಳ್ದು, ಒಣಗ್ಸಿ, ಪುಡಿ ಮಾಡಿ ಬೇರೆ ಬಟ್ಲಲ್ಲಿಡಿ. ಎಷ್ಟು ಬೇಕೋ ಅದೇ ತಿಂತದೆ.”

ಹಲ್ಲಿಲ್ಲದ ಬಾಯಿಗೆ ಕಲ್ಲನ್ನು ಒದಗಿಸಿದ ಭಗವಂತನ ಏರ್ಪಾಡಿಗೆ ಗುಂಡಯ್ಯ ಮನಸ್ಸಿನಲ್ಲೇ ಕೈಮುಗಿದ. ಆಮೇಲೆ ಕೇಳಿದ: “ಸಂಜೆಗೆ ಗಟ್ಟಿಯಾಯ್ತದಾ?”

“ಒಂದ್ ವಾರ ಹತ್ತು ದಿವ್ಸ ಬೇಕು ತಾತ.”

“ಒಂದ್ ವಾರಕ್ಕೆ ಇದು ನಮ್ಮ ಬಾಮೈದನ ಮೈಗೆ ಹತ್ತಿರ್ತದೆ ಕಣಮ್ಮ!”

ತೇಜಶ್ರೀ ಕೆಂಚಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಒತ್ತಿ ನೋಡಿದಳು. “ಇದು ಚೆನ್ನಾಗೇ ಐತಲ್ಲ. ಇವತ್ತಿನ ಮೊಟ್ಟೆ ಇನ್ನೂ ಒಳಗೇ ಇದ್ದಂಗೈತೆ.”

“ಬೆಳಗ್ಗೇನೇ ಇಕ್ಕಾಯ್ತಲ್ಲಮ್ಮ.”

“ಅಂಗಾದ್ರೆ ನನ್ ಕೈಗೇ ಗೊತ್ತಾಗ್ಲಿಲ್ವೇನೋ,” ಎಂದಳು ಅವಳು. ಅವಳ ಮುಖದಲ್ಲಿ ಅನುಮಾನ ಹಾಗೇ ಉಳಿಯಿತು. ಗುಂಡಯ್ಯ ಅದನ್ನು ನೋಡಲು ನಿಲ್ಲಲಿಲ್ಲ. ಮೊಟ್ಟೆಸಿಪ್ಪೆ ಎಲ್ಲಿ ರಾಶಿ ಸಿಗುತ್ತದೆಂದು ಅವನಿಗೆ ಗೊತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಸುದರ್ಶನನ ಎಗ್ ರೈಸ್ ಗಾಡಿ. ಅವನು ಹಿಂದಿನ ದಿನದ ಪಾತ್ರೆ ಉಜ್ಜುತ್ತಿದ್ದ. ಮೊಟ್ಟೆಸಿಪ್ಪೆ ಬೇಕು ಎಂದಾಗ ಗುಂಡಯ್ಯನ ಮುಖವನ್ನೂ, ಟವಲ್ಲಿನಿಂದ ಇಣುಕುತ್ತಿದ್ದ ಕೆಂಚಿಯ ಮುಖವನ್ನೂ ನೋಡಿದ.

“ಎಲ್ರೂ ಒಳಗಿರೋದು ಕೇಳ್ತಾರೆ, ನೀವೊಬ್ರೇ ಕಣಣ್ಣ ಸಿಪ್ಪೆ ಕೇಳ್ದೋರು. ಇರಿ, ಪಾತ್ರೆ ಮುಗ್ಸಿ ಕೊಡ್ತೀನಿ.”

ಸುದರ್ಶನನ ಪಾತ್ರೆ ಮುಗಿಯಲು ಮಧ್ಯಾಹ್ನ ಎರಡಾಯಿತು. ಕೊನೆಗೆ ಅವನು ಗಾಡಿಯ ಕೆಳಗಿನಿಂದ ಒಂದು ದೊಡ್ಡ ಪ್ಲಾಸ್ಟಿಕ್ ಕವರು ಎಳೆದು ಕೊಟ್ಟ. ನೂರಾರು ಮೊಟ್ಟೆಗಳ ಸಿಪ್ಪೆ. ಅವುಗಳ ನಡುವೆ ಹಿಂಡಿ ಎಸೆದ ನಿಂಬೆಹೋಳುಗಳೂ ಇದ್ದವು. ಮನೆಗೆ ಹೋಗಿ ಆರಿಸಿದರಾಯಿತೆಂದು ಗುಂಡಯ್ಯ ಒಂದು ಕೈಯಲ್ಲಿ ಕೋಳಿ, ಇನ್ನೊಂದು ಕೈಯಲ್ಲಿ ಕವರು ಹಿಡಿದು ನಡೆದ.

ಹೊಳೆ ಕಡೆಯ ಬೀದಿಗೆ ತಿರುಗುವಲ್ಲಿ ಮೂರು ದಾರಿ ಕೂಡುತ್ತವೆ. ದಾರಿಯಲ್ಲಿ ಎಲ್ಲಿ ಬೇಕಾದರೂ ಕವರು ಹರಿಯಬಹುದಿತ್ತು. ಅಲ್ಲಿಯೇ ಹರಿಯಿತು. ಸಿಪ್ಪೆ, ನಿಂಬೆಹೋಳು ಎಲ್ಲ ಮೂರು ದಾರಿಯ ನಟ್ಟನಡುವೆ ಸುರಿದವು. ಬಾಚಿಕೊಳ್ಳಲೆಂದು ಗುಂಡಯ್ಯ ಬಗ್ಗಿದಾಗ ಜೇಬಿನ ಪೊಟ್ಟಣ ಜಾರಿತು, ಕೆಂಪು ಪುಡಿ ಅವೆಲ್ಲದರ ಮೇಲೆ ಹರಡಿತು.

ಎದುರಿಗೆ ಬರುತ್ತಿದ್ದ ಮೊಪೆಡ್ಡೊಂದು ಗಕ್ಕನೆ ನಿಂತು ಬಂದ ದಾರಿಗೇ ತಿರುಗಿತು. ಸೊಪ್ಪು ಮಾರುವ ಹೆಂಗಸು ಬುಟ್ಟಿ ಇಳಿಸಿ, “ಅಯ್ಯೋ ಶಿವನೇ!” ಎಂದಳು. ಮೂರು ದಾರಿ ಕೂಡುವ ಜಾಗ, ಮೊಟ್ಟೆ, ಕುಯ್ದ ನಿಂಬೆಹಣ್ಣು, ಕುಂಕುಮದಂಥ ಪುಡಿ. ಪಕ್ಕದಲ್ಲಿ ಜೀವಂತ ಕೋಳಿ ಹಿಡಿದು ಬಗ್ಗಿ ಕೂತು ತನ್ನಷ್ಟಕ್ಕೇ ಗೊಣಗುತ್ತಿರುವ ಗಂಡಸು. ಏನು ನಡೆಯುತ್ತಿದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

“ಯಾರ ಮನೆಗೆ ಮಾಟ ಮಾಡ್ಸಕ್ಕೆ ಬಂದಿದ್ದೀಯಾ ಗುಂಡಯ್ಯ? ಬಾಯಿ ಬುಡು!”

“ಮಾಟ ಅಲ್ಲ ಕಣ್ರಪ್ಪ! ಕೋಳಿಗೆ ತಿನ್ಸಕ್ಕೆ!”

“ಕೋಳಿಗೆ ಮೊಟ್ಟೆ ಸಿಪ್ಪೆ ತಿನ್ನುಸ್ತಾರಾ ಯಾರಾದ್ರೂವೆ? ಅದ್ರ ಮಕ್ಳ ಸಿಪ್ಪೇನ ಅದ್ಕೇಯಾ?”

“ಕೆಂಪು ಪುಡಿ ಯಾತಕ್ಕೆ, ಉಪ್ಪಿನಕಾಯಿಗಾ?”

ನಿಜ ಹೇಳಿದಷ್ಟೂ ಗುಂಡಯ್ಯನ ಮಾತು ಸುಳ್ಳಿನಂತೆ ಕೇಳಿಸತೊಡಗಿತು. ಯಾರೋ ಓಡಿಹೋಗಿ ಮಾರಮ್ಮನ ಗುಡಿಯ ಪೂಜಾರಿ ಶಿವಯ್ಯನನ್ನು ಕರೆತಂದರು. ಶಿವಯ್ಯ ನಿಧಾನದ ಮನುಷ್ಯ. ರಾಶಿಯ ಸುತ್ತ ಒಂದು ಸುತ್ತು ಬಂದು, ಹೆಗಲ ವಸ್ತ್ರ ಸರಿಮಾಡಿಕೊಂಡು ಹೇಳಿದ:

“ಮಾಡಿದ್ನೋ ಬುಟ್ನೋ ನಾನು ಕಾಣೆ. ಕಣ್ಣಿಗೆ ಬಿದ್ದದ್ದಂತೂ ಆಯ್ತು. ಜನದ ಮನ್ಸು ಅಳುಕ್ದ ಮೇಲೆ ಅದಕ್ಕೊಂದು ಶಾಂತಿ ಆಗ್ಬೇಕು. ಆ ಕೋಳೀನೇ ಅಮ್ಮನಿಗೆ ಬುಟ್ಕೊಟ್ರೆ ಮುಗೀತು.”

ಗುಂಡಯ್ಯ ಬ್ಯಾಗನ್ನು ಎದೆಗೆ ಅವಚಿಕೊಂಡ. ಮನೆಯಲ್ಲಿ ಈಳಿಗೆಮಣೆ, ಬೀದಿಯಲ್ಲಿ ಮಚ್ಚು. “ಪೂಜಾರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನ ಕೆಳಗೆ ಬುಡ್ತೀನಿ, ನೀವೇ ನೋಡಿ. ಮಾಟದ ಸಾಮಾನಾದ್ರೆ ಕೋಳಿ ಮುಟ್ಟೀತಾ?”

ಅವನು ಟವಲ್ಲು ತೆಗೆದು ಕೆಂಚಿಯನ್ನು ಎತ್ತಿ ನೆಲಕ್ಕೆ ಬಿಟ್ಟ. ಕೆಂಚಿ ಸುತ್ತ ನಿಂತವರನ್ನೆಲ್ಲ ನೋಡಿತು, ಯೋಚಿಸಿತು, ಎರಡು ಹೆಜ್ಜೆ ಇಟ್ಟು ಒಂದು ಸಿಪ್ಪೆಯ ಚೂರನ್ನು ಕಟಕ್ಕೆಂದು ಮುರಿದು ನುಂಗಿತು. ಇನ್ನೊಂದು. ಮತ್ತೊಂದು. ನಿಂಬೆಹೋಳನ್ನು ಕಾಲಿನಿಂದ ಅತ್ತ ಕೆದರಿತು. ಗುಂಪು ಉಸಿರು ಬಿಗಿಹಿಡಿದು ನೋಡಿತು. ಅಷ್ಟರಲ್ಲಿ ಶಿವಯ್ಯನ ದೃಷ್ಟಿ ಬ್ಯಾಗಿನ ತಳಕ್ಕೆ ಬಿತ್ತು.

“ಇದೇನಿದು?”

ಒಳಗೆ ಮೊಟ್ಟೆ. ಶಿವಯ್ಯ ತೆಗೆದುಕೊಂಡು ಉಗುರಿನಿಂದ ತಟ್ಟಿದ, ಕಿವಿಯ ಬಳಿ ಹಿಡಿದ, ಕೊನೆಗೆ ಮುಂದಿನ ಹಲ್ಲಿಗೆ ಮೆಲ್ಲಗೆ ಬಡಿದು ನೋಡಿದ. ಟಣ್ ಎಂದಿತು.

“ಗಟ್ಟಿ ಐತೆ.”

“ಗಟ್ಟಿ ಐತಾ!” ಗುಂಡಯ್ಯ ಜನರ ಕಡೆ ತಿರುಗಿದ. “ನೋಡ್ದ್ರಾ ಎಲ್ರೂ? ಇದಕ್ಕೇ ಕಣ್ರಪ್ಪ ನಾನು ಬೆಳಗ್ಗೆಯಿಂದ ಅಲೀತಿರೋದು! ನಮ್ಮ ಕೆಂಚಿ ಗಟ್ಟಿ ಮೊಟ್ಟೆ ಇಕ್ತದೆ. ನೀವೆಲ್ಲ ಸಾಕ್ಷಿ!”

“ಸಾಕ್ಷಿ ಕಣಯ್ಯ,” ಎಂದರು ಜನ. ಭಯ ಇಳಿದ ಮೇಲೆ ನಗು ಬಂದಿತ್ತು. ಅಮ್ಮ ತಾನೇ ತಾನಾಗಿ ಮಾತು ಬಗೆಹರಿಸಿದಳೆಂದು ಶಿವಯ್ಯ ಗುಡಿಯ ಕಡೆ ತಿರುಗಿ ಕೈಮುಗಿದ. ಗುಂಡಯ್ಯ ಮೊಟ್ಟೆಯನ್ನು ಎರಡೂ ಕೈಯಲ್ಲಿ ಮಂಗಳಾರತಿಯಂತೆ ಹಿಡಿದುಕೊಂಡ. ಕೆಂಚಿಯನ್ನು ಮತ್ತೆ ಕೂರಿಸಿ ಟವಲ್ಲು ಹೊದಿಸಿದ ಬ್ಯಾಗನ್ನು ಶಿವಯ್ಯನೇ ಎತ್ತಿಕೊಂಡ. ಹಿಂದೆ ಹತ್ತು ಜನ. ಮೆರವಣಿಗೆ ಮನೆಯ ಕಡೆ ಹೊರಟಿತು.

ಹೊಸ್ತಿಲಿಗೆ ಬರುವಾಗಲೇ ಒಗ್ಗರಣೆಯ ಪರಿಮಳ ಎದುರುಗೊಂಡಿತು. ನಡುಮನೆಯಲ್ಲಿ ಬಾಮೈದ ಕೃಷ್ಣಪ್ಪ ಚಾಪೆಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಸುಬ್ಬಮ್ಮ ತಟ್ಟೆ ಹಿಡಿದು ಒಂದು ಮೂಳೆಯನ್ನು ಶ್ರದ್ಧೆಯಿಂದ ಚೀಪುತ್ತಿದ್ದಳು.

“ಬನ್ನಿ ಬಾವ,” ಎಂದ ಕೃಷ್ಣಪ್ಪ. “ಮಧ್ಯಾಹ್ನದ ಬಸ್ಸೇ ಸಿಕ್ಬುಡ್ತು, ಬಂದ್ಬುಟ್ಟೆ.”

“ಅವ್ನ ಹೊಟ್ಟೆ ಸಂಜೆಗಂಟ ಕಾಯ್ತದಾ?” ಎಂದು ಚನ್ನಾಜಮ್ಮ ಸೌಟು ಹಿಡಿದೇ ಹೊರಬಂದಳು. ದನಿಯಲ್ಲಿ ಸ್ವಲ್ಪ ಅಳುಕಿತ್ತು. “ಬೈಕಬೇಡಿ. ಹಿತ್ತಲಲ್ಲಿ ಉಪ್ಪಿಟ್ಟು ಕೆದರ್ತಾ ಇತ್ತು, ಹಿಡ್ಕೊಂಡೆ. ಸುಬ್ಬಮ್ಮನೇ ಕುಯ್ದು ಪುಕ್ಕ ಕಿತ್ತು ಕೊಟ್ಳು. ಹೊಟ್ಟೆ ಒಳಗೂ ಒಂದು ತೊಗಲು ಮೊಟ್ಟೆನೇ ಇತ್ತು ಕಣ್ರೀ. ಮನೆಗೆ ಆಗಿಬರ್ತಿರ್ಲಿಲ್ಲ, ಬುಡಿ.”

“ನಾನೇ ತೋರ್ಸಿದ್ನಲ್ಲ ಚನ್ನಾಜಕ್ಕಂಗೆ,” ಎಂದಳು ಸುಬ್ಬಮ್ಮ. “ತೊಗಲಾದ್ರೇನು, ಬಾಡು ಮಾತ್ರ ಬೆಣ್ಣೆ ಕಣಣ್ಣ. ಯಾರೋ ಚೆನ್ನಾಗಿ ಮೇಯ್ಸವ್ರೆ.”

ಶಿವಯ್ಯ ಬ್ಯಾಗನ್ನು ನೆಲಕ್ಕಿಟ್ಟ. ಟವಲ್ಲಿನ ಕೆಳಗಿನಿಂದ ಕೆಂಚಿಯ ತಲೆ ಹೊರಬಂತು.

ಚನ್ನಾಜಮ್ಮ ಕೋಳಿಯನ್ನು ನೋಡಿದಳು, ಒಲೆಯ ಕಡೆ ನೋಡಿದಳು, ಮತ್ತೆ ಕೋಳಿಯನ್ನು ನೋಡಿದಳು.

“ಇದ್ಯಾವ್ದು?”

“ಇದು ಕೆಂಚಿ.”

“ಅಂಗಾರೆ ಅದ್ಯಾವ್ದು?”

ಸುಬ್ಬಮ್ಮನ ಬಾಯಿ ಚೀಪುವುದನ್ನು ನಿಲ್ಲಿಸಿತು. ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಓಡಿ, “ಬಾ ಬಾ ಬಾ ಬಾ” ಎಂದು ಕೂಗಿದಳು. ಬೀದಿಯ ಕೋಳಿಗಳೆಲ್ಲ ಬಂದವು. ಇಟ್ಟಿಗೆ ಬಣ್ಣದ್ದೊಂದು ಮಾತ್ರ ಬರಲಿಲ್ಲ.

“ಅಯ್ಯಯ್ಯೋ! ನನ್ನ ಕೋಳಿ! ನನ್ ಕೈಲೇ ಕುಯ್ಸಿ ನನಗೇ ತಿನ್ನುಸ್ಬುಟ್ರಲ್ಲೋ!”

ಗುಂಡಯ್ಯನ ತಲೆಯಲ್ಲಿ ಆಗ ಒಂದೊಂದಾಗಿ ಸರಿಹೊಂದತೊಡಗಿತು. ಕುಯ್ದ ಕೋಳಿಯ ಒಳಗೆ ತೊಗಲು ಮೊಟ್ಟೆಯಿತ್ತು. ಅಂದರೆ ಪುಟ್ಟಿಯಲ್ಲಿ ತೊಗಲು ಇಕ್ಕುತ್ತಿದ್ದದ್ದು ಅದೇ, ಅವನ ತಿಂಡಿಯನ್ನೆಲ್ಲ ಕಬಳಿಸಿ. ಅವನು ಎದುರಿಗೆ ಕೂತು ಇಣುಕುವುದಕ್ಕೆ ನಾಚಿ ಕೆಂಚಿ ಗೋಡೆ ಹಾರಿ ಸುಬ್ಬಮ್ಮನ ಹುಲ್ಲುಮೆದೆಯಲ್ಲಿ ನೆಮ್ಮದಿಯಾಗಿ ಇಕ್ಕಿ ಬರುತ್ತಿತ್ತು. ಗೋಲಿಯಂಥ ಮೊಟ್ಟೆಗಳು ಕೆಂಚಿಯವು!

ಅವನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಸುಬ್ಬಮ್ಮ ಕಣ್ಣೊರೆಸಿಕೊಂಡಳು.

“ಸುಳ್ಳು. ನಂದು ಗಟ್ಟಿ ಮೊಟ್ಟೆ ಇಕ್ಕೋ ಕೋಳಿ ಅಂತ ಇಡೀ ಬೀದಿಗೆ ಗೊತ್ತು. ಪ್ರಾಣ ಓಗೋ ಗಾಬ್ರಿಗೆ ಒಳಗಿಂದು ತೊಗಲಾಗಿರ್ತದೆ. ಪೂಜಾರಪ್ಪ, ನೀವೇ ನ್ಯಾಯ ಏಳಿ.”

ಕೃಷ್ಣಪ್ಪ ಎರಡನೆಯ ಮುದ್ದೆಗೆ ಕೈಹಾಕಿದ್ದವನು ಅದನ್ನು ಬಿಡಲೋ ಹಿಡಿಯಲೋ ತಿಳಿಯದೆ ಕೂತಿದ್ದ. ಶಿವಯ್ಯ ಕಣ್ಣುಮುಚ್ಚಿ ಯೋಚಿಸಿದ.

“ಯಾವ ಕೋಳಿ ಯಾರ ಮನೇಲಿ ಏನಿಕ್ತು ಅನ್ನೋದು ಅಮ್ಮನಿಗೊಬ್ಬಳಿಗೇ ಗೊತ್ತು. ಮೊಟ್ಟೆ ಮೇಲೆ ಹೆಸ್ರು ಬರೆದಿರಲ್ಲ. ಆದ್ರೆ ಒಲೆ ಮೇಲಿರೋದು ಎಲ್ರ ಕಣ್ಣಿಗೂ ಕಾಣ್ತೈತೆ. ಈ ಬೀದೀಲಿ ಹಿಂದಿನಿಂದ ನಡ್ಕೊಂಡು ಬಂದಿರೋದು ಕೋಳಿಗೆ ಕೋಳಿ. ಅಂಥದಕ್ಕೆ ಅಂಥದ್ದೇ.”

“ನಾಳೆ ಸಂತೇಲಿ ಬೇರೆ ತಂದ್ಕೊಡ್ತೀನಿ,” ಎಂದ ಗುಂಡಯ್ಯ ತೊದಲುತ್ತಾ.

“ಸಂತೆ ಕೋಳಿ ಏನಿಕ್ತದೋ ಯಾರು ಬಲ್ಲೋರು?” ಎಂದಳು ಸುಬ್ಬಮ್ಮ. “ನಂಗೆ ಗಟ್ಟಿ ಮೊಟ್ಟೆ ಇಕ್ಕೋದೇ ಬೇಕು. ಯಾವ್ದಾದ್ರೂ ಐತಾ ಅಂಥದು?”

ಬಾಗಿಲಲ್ಲಿ ನಿಂತಿದ್ದ ಹತ್ತು ಜನವೂ ಒಟ್ಟಿಗೆ ಕೆಂಚಿಯ ಕಡೆ ನೋಡಿದರು. ಅವರೆಲ್ಲ ಸಾಕ್ಷಿಗಳು. ಗುಂಡಯ್ಯನೇ ಮೂರು ದಾರಿ ಕೂಡುವಲ್ಲಿ ನಿಂತು, ಕೂಗಿ ಹೇಳಿ ಮಾಡಿಕೊಂಡ ಸಾಕ್ಷಿಗಳು. ಅವನ ಕೈಯಲ್ಲಿ ಆ ಮೊಟ್ಟೆ ಇನ್ನೂ ಇತ್ತು.

ಸುಬ್ಬಮ್ಮ ಬ್ಯಾಗು ಎತ್ತಿಕೊಂಡಳು. ಗೋಡೆಯಾಚೆ ಹೋಗುವ ಮೊದಲು ಒಂದು ಕ್ಷಣ ನಿಂತು, “ಅದೂ ಇದ್ರುದೇ ಅಲ್ವಾ?” ಎಂದು ಮೊಟ್ಟೆಯನ್ನೂ ತೆಗೆದುಕೊಂಡಳು.

ಮೂರನೆಯ ದಿನ ಬೆಳಗ್ಗೆ ಗುಂಡಯ್ಯ ಬರಿದಾದ ಹಿತ್ತಲಲ್ಲಿ ಟೀ ಲೋಟ ಹಿಡಿದು ಕೂತಿದ್ದ. ಗೋಡೆಯ ಮೇಲೆ ಸುಬ್ಬಮ್ಮನ ಮುಖ ಮೂಡಿತು.

“ಅಣ್ಣೋ! ನಾನೇನಾಕುದ್ರೂ ಮುಟ್ತಾ ಇಲ್ಲ ಕಣಣ್ಣ ಇದು. ರಾಗಿ ಎರಚಿದ್ರೆ ಅಂಗೇ ನಿಂತ್ಕಂಡು ಯೋಚ್ನೆ ಮಾಡ್ತದೆ. ಸುದರ್ಶನನ ಗಾಡಿ ಸಿಪ್ಪೆ ತಂದು, ತೊಳ್ದು, ಪುಡಿ ಮಾಡಿ, ದಿನಾ ಬೆಳಗ್ಗೆ ನೀವೇ ಬಂದು ತಿನ್ನುಸ್ಬುಟ್ಟೋಗಿ. ಪುಣ್ಯ ಬತ್ತದೆ.”

ಗುಂಡಯ್ಯ ಲೋಟ ಕೆಳಗಿಟ್ಟು ಎದ್ದ.

“ಬೇಗ ಬನ್ನಿ ಮತ್ತೆ,” ಎಂದಳು ಸುಬ್ಬಮ್ಮ. “ಮೊಟ್ಟೆ ಒಂದನ್ನ ಮಾತ್ರ ಕೇಳ್ಬೇಡಿ.”